ಊರಿನ ವೈದ್ಯ ಪ್ಯಾಟ್ರಿಕ್ ಗೆಡ್ಡೀಸ್

ಪುರಸಭೆಯ ಕಚೇರಿಯಲ್ಲಿ ಮೇಜಿನ ಮೇಲೆ ಊರಿನ ನಕಾಶೆಯನ್ನು ಹಾಸಿ, ಅಳತೆಕೋಲನ್ನಿಟ್ಟು, ಕೆಂಪು ಮಸಿಯಿಂದ ನೇರವಾದ ಒಂದು ಗೆರೆಯನ್ನು ಎಳೆಯುವುದು ಬಹು ಸುಲಭವಾದ ಕೆಲಸ. ಆ ಗೆರೆಯು ಯಾರ ಮನೆಯ ಪಡಸಾಲೆಯನ್ನು ಸೀಳುವುದು, ಯಾವ ಬಾವಿಯನ್ನು ಮುಚ್ಚುವುದು, ಯಾವ ಅರಳಿಕಟ್ಟೆಯನ್ನು ಉರುಳಿಸುವುದು, ಯಾವ ಕಮ್ಮಾರನ ಕುಲುಮೆಯನ್ನು ಆರಿಸುವುದು ಎಂಬುದೊಂದೂ ಕಾಗದದ ಮೇಲೆ ಕಾಣಬರುವುದಿಲ್ಲ. ಗೆರೆಯನ್ನೆಳೆದವರು ದುಷ್ಟರೆಂದು ನಾವು ಹೇಳಲಾರೆವು. ಅವರಲ್ಲಿ ಅನೇಕರು ಊರಿನ ಹಿತವನ್ನೇ ಬಯಸುವವರು. ಗಾಳಿ ಬೆಳಕು ಬರಲಿ, ರೋಗರುಜಿನಗಳು ತೊಲಗಲಿ ಎಂಬುದೇ ಅವರ ಉದ್ದೇಶ. ಆದರೆ ರೋಗಿಯ ನಾಡಿಯನ್ನು ನೋಡದೆಯೇ ಶಸ್ತ್ರವನ್ನು ಕೈಗೆತ್ತಿಕೊಳ್ಳುವ ವೈದ್ಯನ ಸದುದ್ದೇಶದಿಂದ ರೋಗಿಗೆ ಆಗುವ ಪ್ರಯೋಜನವೇನು? ಊರಿಗೆ ಚಿಕಿತ್ಸೆ ಮಾಡುವುದಕ್ಕೆ ಮೊದಲು ಊರಿನ ನಾಡಿಯನ್ನು ನೋಡಬೇಕೆಂದೂ, ಆ ನಾಡಿಯು ನಕಾಶೆಯಲ್ಲಿಲ್ಲ, ಬೀದಿಯಲ್ಲಿದೆಯೆಂದೂ ಜೀವಮಾನವೆಲ್ಲ ಸಾರಿದ ಮಹಾಶಯರೊಬ್ಬರು ಇದ್ದರು. ಅವರು ಸ್ಕಾಟ್ಲೆಂಡಿನವರು, ಆದರೆ ತಮ್ಮ ಪಕ್ವವಯಸ್ಸಿನ ಸುಮಾರು ಹತ್ತು ವರ್ಷಗಳನ್ನು ನಮ್ಮ ದೇಶದ ಊರುಗಳಿಗಾಗಿ ವಿನಿಯೋಗಿಸಿದವರು. ಆ ಸರ್ ಪ್ಯಾಟ್ರಿಕ್ ಗೆಡ್ಡೀಸ್ ಅವರ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ.

ಗೆಡ್ಡೀಸರು 1854ನೆಯ ಇಸವಿ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಬ್ಯಾಲಟರ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆಯವರು ಸೈನ್ಯದಲ್ಲಿ ಸೇವೆ ಸಲ್ಲಿಸಿದವರು. ಬಾಲ್ಯವು ಕಳೆದದ್ದು ಟೇ ನದಿಯ ದಡದಲ್ಲಿರುವ ಪರ್ತ್ ಪಟ್ಟಣದ ಮಗ್ಗುಲಲ್ಲಿ, ಗುಡ್ಡದ ಮೇಲಣ ಒಂದು ಮನೆಯಲ್ಲಿ. ತಂದೆಯೊಡನೆ ತೋಟದಲ್ಲಿ ಮಣ್ಣನ್ನು ಅಗೆದು ಗಿಡಗಳನ್ನು ಬೆಳೆಸಿದ್ದೇ ಅವರ ಮೊದಲ ವಿದ್ಯಾಭ್ಯಾಸ. ಆ ಗುಡ್ಡದ ಮೇಲೆ ನಿಂತು ನೋಡಿದರೆ ದೂರದ ಬೆಟ್ಟ, ಕಾಡು, ಹೊಲ, ಹೊಳೆ, ಹೊಳೆಯ ಬದಿಯ ಪಟ್ಟಣ, ಎಲ್ಲವೂ ಒಂದೇ ನೋಟಕ್ಕೆ ಸಿಕ್ಕುತ್ತಿದ್ದವು. ಪಟ್ಟಣವೆಂಬುದು ಬೆಟ್ಟದಿಂದಲೂ ಹೊಳೆಯಿಂದಲೂ ಬೇರೆಯಾದ ವಸ್ತುವಲ್ಲವೆಂಬ ಭಾವನೆಯು ಅವರ ಮನಸ್ಸಿನಲ್ಲಿ ಆಗಲೇ ಬೇರೂರಿತು.

ಶಾಲೆಯ ಓದು ಮುಗಿದಮೇಲೆ ತಂದೆಯ ಇಷ್ಟದಂತೆ ಒಂದೂವರೆ ವರ್ಷ ಬ್ಯಾಂಕಿನಲ್ಲಿ ಗುಮಾಸ್ತಗಿರಿ ಮಾಡಿದರು. ತರುವಾಯ ಸಸ್ಯಶಾಸ್ತ್ರವನ್ನು ಕಲಿಯಲೆಂದು ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ಹೋದವರು, ಅಲ್ಲಿನ ಬೋಧನಾಕ್ರಮವು ರುಚಿಸದೆ ಒಂದೇ ವಾರದಲ್ಲಿ ಹೊರಟುಬಂದರು. 1874ರಿಂದ ಲಂಡನ್ನಿನಲ್ಲಿ ಪ್ರಖ್ಯಾತ ಜೀವಶಾಸ್ತ್ರಜ್ಞರಾದ ಹಕ್ಸ್‌ಲಿಯವರ ಬಳಿಯಲ್ಲಿ ವ್ಯಾಸಂಗ ಮಾಡಿದರು. ಆ ದಿನಗಳಲ್ಲಿ ವೃದ್ಧರಾದ ಡಾರ್ವಿನ್ ಮಹಾಶಯರನ್ನು ಪ್ರಯೋಗಶಾಲೆಯಲ್ಲಿ ಕಂಡದ್ದನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಇಷ್ಟಾದರೂ ಪರೀಕ್ಷೆಗೆ ಕುಳಿತು ಪದವಿಯನ್ನು ಗಳಿಸುವ ಗೋಜಿಗೆ ಅವರು ಹೋಗಲಿಲ್ಲ. ಪದವಿಯಿಲ್ಲದ ಈ ಮನುಷ್ಯನು ಮುಂದೆ ಎರಡು ವಿದ್ಯಾಪೀಠಗಳಲ್ಲಿ ಎರಡು ಬೇರೆ ಬೇರೆ ಶಾಸ್ತ್ರಗಳಿಗೆ ಪ್ರಾಧ್ಯಾಪಕನಾದದ್ದು, ಪದವಿಗಳ ಬಾಲವನ್ನೇ ಯೋಗ್ಯತೆಯೆಂದು ಎಣಿಸುವವರು ಗಮನಿಸತಕ್ಕ ಸಂಗತಿ.

1878ರಲ್ಲಿ ಅವರು ಸಮುದ್ರಜೀವಿಗಳ ಅಭ್ಯಾಸಕ್ಕೆಂದು ಫ್ರಾನ್ಸ್ ದೇಶಕ್ಕೆ ತೆರಳಿದರು. ಅಲ್ಲಿ ಫ್ರೆಡೆರಿಕ್ ಲ ಪ್ಲೇ ಎಂಬವರ ವಿಚಾರಗಳ ಪರಿಚಯವಾದದ್ದು ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ಲ ಪ್ಲೇಯವರು ಗಣಿಗಳ ಇಂಜಿನಿಯರು. ಉದ್ಯೋಗದ ನಿಮಿತ್ತ ಯುರೋಪನ್ನೆಲ್ಲ ಸುತ್ತುವಾಗ ಅವರು ಕೂಲಿಕಾರರ ಮನೆಗಳಿಗೆ ಹೋಗಿ, ಅವರ ಆದಾಯವೆಷ್ಟು, ಖರ್ಚೆಷ್ಟು, ಉಣ್ಣುವುದೇನು, ಮಕ್ಕಳನ್ನು ಸಾಕುವ ಬಗೆ ಹೇಗೆ ಎಂಬುದನ್ನೆಲ್ಲ ವಿಚಾರಿಸಿ ಬರೆದಿಟ್ಟರು. 1855ರಲ್ಲಿ ಅದನ್ನು ಗ್ರಂಥವಾಗಿ ಪ್ರಕಟಿಸಿದರು. ಒಂದು ಸಮಾಜವನ್ನು ಅರಿಯಬೇಕಾದರೆ ಅದರ ಸ್ಥಳ, ಉದ್ಯೋಗ, ಕುಟುಂಬ ಈ ಮೂರನ್ನೂ ಕೂಡಿಸಿ ನೋಡಬೇಕೆಂಬುದು ಅವರ ಮತದ ತಿರುಳು. ಗೆಡ್ಡೀಸರು ಅದನ್ನು ವಿಸ್ತರಿಸಿ ನೆಲ, ದುಡಿಮೆ, ಜನ ಎಂಬ ತಮ್ಮ ತ್ರಿಸೂತ್ರವನ್ನು ರಚಿಸಿಕೊಂಡರು.

ಮರುವರ್ಷ ಅವರು ಜೀವಿಗಳ ಮಾದರಿಗಳನ್ನು ಸಂಗ್ರಹಿಸಲು ಮೆಕ್ಸಿಕೋ ದೇಶಕ್ಕೆ ಹೋದಾಗ ವಿಪತ್ತೊಂದು ಒದಗಿತು. ಕಣ್ಣುಗಳು ಬೇನೆಗೆ ತುತ್ತಾಗಿ, ಕೆಲವು ಕಾಲ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕತ್ತಲೆಯ ಕೋಣೆಯಲ್ಲಿ ಬಿದ್ದಿರಬೇಕಾಯಿತು. ಇಪ್ಪತ್ತೈದರ ತರುಣನಿಗೆ, ಅದರಲ್ಲಿಯೂ ಸೂಕ್ಷ್ಮದರ್ಶಕವನ್ನೇ ನಂಬಿದ ವಿಜ್ಞಾನಿಗೆ, ಇದಕ್ಕಿಂತ ಕಠಿಣವಾದ ಶಿಕ್ಷೆಯುಂಟೆ? ಒಂದು ದಿನ ಕಿಟಕಿಯ ಗಾಜಿನ ಚೌಕಗಳನ್ನು ಕೈಯಿಂದ ತಡವುತ್ತಿರುವಾಗ, ಆ ಚೌಕಗಳಲ್ಲಿ ಒಂದೊಂದಕ್ಕೆ ಒಂದೊಂದು ವಿಚಾರವನ್ನು ಇಟ್ಟು, ಅವುಗಳ ಪರಸ್ಪರ ಸಂಬಂಧವನ್ನು ಕಾಣಬಹುದೆಂದು ಅವರಿಗೆ ಹೊಳೆಯಿತು. ಅಂದಿನಿಂದ ಕಾಗದವನ್ನು ಮಡಿಸಿ ಮನೆಗಳನ್ನಾಗಿ ಮಾಡಿ ಯೋಚಿಸುವುದು ಅವರಿಗೆ ಅಭ್ಯಾಸವಾಯಿತು. ದೃಷ್ಟಿಯು ಮರಳಿ ಬಂದಿತು. ಆದರೆ ಸೂಕ್ಷ್ಮದರ್ಶಕದ ಮೇಲೆ ಗಂಟೆಗಟ್ಟಲೆ ಬಾಗಿರುವ ಶಕ್ತಿಯು ಹೋಯಿತು. ಸಣ್ಣ ಜೀವಿಗಳನ್ನು ಬಿಟ್ಟು ಊರೆಂಬ ದೊಡ್ಡ ಜೀವಿಯ ಕಡೆಗೆ ಅವರ ದೃಷ್ಟಿ ಹೊರಳಿತು.

ಇಲ್ಲಿ ನಾವು ಒಂದು ಕ್ಷಣ ನಿಂತು, ಆ ಕಾಲದ ವಿಚಾರಪ್ರವಾಹವನ್ನು ಅವಲೋಕಿಸುವುದು ಅವಶ್ಯ. ಮನುಷ್ಯನಿಗೂ ಅವನು ವಾಸಿಸುವ ಭೂಮಿಗೂ ಇರುವ ಸಂಬಂಧವನ್ನು ವಿಚಾರಿಸುವ ಮಾನವ ಭೂಗೋಳಶಾಸ್ತ್ರವು ಆಗ ಯುರೋಪಿನಲ್ಲಿ ತಲೆಯೆತ್ತುತ್ತಿತ್ತು. ಜರ್ಮನಿಯ ಫ್ರೀಡ್ರಿಕ್ ರಾಟ್ಸೆಲ್ ಅವರು 1882ರಲ್ಲಿ ತಮ್ಮ ಮುಖ್ಯ ಗ್ರಂಥದ ಮೊದಲನೆಯ ಸಂಪುಟವನ್ನು ಹೊರಡಿಸಿ, ಹವೆ, ನೆಲದ ಏರುತಗ್ಗು, ಕಡಲು ಮುಂತಾದವು ಜನಾಂಗಗಳ ಇತಿಹಾಸವನ್ನು ಹೇಗೆ ರೂಪಿಸುತ್ತವೆಂಬುದನ್ನು ವಿವರಿಸಿದರು. ಅವರ ಅನುಯಾಯಿಗಳಲ್ಲಿ ಕೆಲವರು ಇದನ್ನು ಅತಿಗೆ ಒಯ್ದು, ಮನುಷ್ಯನು ನೆಲದ ಕೈಗೊಂಬೆಯೋ ಎಂಬಂತೆ ಬರೆದರು. ಫ್ರಾನ್ಸಿನ ವಿದಾಲ್ ದ ಲ ಬ್ಲಾಷ್ ಅವರಾದರೋ, ನೆಲವು ಅವಕಾಶಗಳನ್ನು ಮಾತ್ರ ಒಡ್ಡುತ್ತದೆ, ಅವುಗಳಲ್ಲಿ ಆರಿಸಿಕೊಳ್ಳುವವನು ಮನುಷ್ಯನೇ, ಆದುದರಿಂದ ಒಂದೊಂದು ಪ್ರದೇಶದ ಜೀವನಕ್ರಮವನ್ನೂ ಪ್ರತ್ಯೇಕವಾಗಿ ಅಭ್ಯಸಿಸಬೇಕು ಎಂದು ಬೋಧಿಸಿದರು. ಗೆಡ್ಡೀಸರ ತ್ರಿಸೂತ್ರವನ್ನು ಎರಡು ಕಡೆಯಿಂದಲೂ ಓದಬಹುದು. ನೆಲವು ದುಡಿಮೆಯನ್ನು ಗೊತ್ತುಮಾಡುತ್ತದೆ, ದುಡಿಮೆಯು ಜನರನ್ನು ತಿದ್ದುತ್ತದೆ. ಹಾಗೆಯೇ ಜನರು ತಮ್ಮ ದುಡಿಮೆಯನ್ನು ಬದಲಿಸಿಕೊಳ್ಳುತ್ತಾರೆ, ಆ ದುಡಿಮೆಯಿಂದ ನೆಲವನ್ನೇ ಬದಲಿಸುತ್ತಾರೆ.

ಇದನ್ನು ಸಾಮಾನ್ಯರಿಗೂ ತಿಳಿಯುವಂತೆ ಮಾಡಲು ಅವರು ಒಂದು ಚಿತ್ರವನ್ನು ಬರೆದರು. ಬೆಟ್ಟದ ನೆತ್ತಿಯಿಂದ ಕಡಲಿನವರೆಗೆ ಇಳಿಯುವ ಒಂದು ನದೀಕಣಿವೆ. ಮೇಲೆ ಗಣಿಯವನು, ಕೆಳಗೆ ಮರ ಕಡಿಯುವವನು, ಬೇಟೆಗಾರ, ಕುರುಬ, ಬಡ ಸಾಗುವಳಿದಾರ, ಬಯಲಿನ ರೈತ, ಕೊನೆಯಲ್ಲಿ ಬೆಸ್ತ. ಇವರೆಲ್ಲರ ವಸ್ತುಗಳೂ ಕಸುಬುಗಳೂ ಇಳಿದುಬಂದು ಸೇರುವ ಸ್ಥಳವೇ ಪಟ್ಟಣ. ಗಣಿಯವನ ಲೋಹವು ಅಲ್ಲಿ ಕಮ್ಮಾರನ ಕೈ ಸೇರುತ್ತದೆ, ಕಾಡಿನವನ ಮರವು ಬಡಗಿಯ ಕೈ ಸೇರುತ್ತದೆ. ಹೀಗಿರುವಲ್ಲಿ ಕಣಿವೆಯನ್ನು ಮರೆತು ಪಟ್ಟಣವನ್ನು ಮಾತ್ರ ತಿದ್ದಹೊರಡುವುದು ಬೇರನ್ನು ಬಿಟ್ಟು ಎಲೆಗೆ ನೀರೆರೆದಂತೆಯೇ ಸರಿ. ಅಂದು ಡಂಡೀಯಲ್ಲಿ ಅವರ ಸಹಾಯಕರಾಗಿದ್ದ ಹರ್ಬರ್ಟ್‌ಸನ್ ಎಂಬವರು ಮುಂದೆ ಆಕ್ಸ್‌ಫರ್ಡಿಗೆ ಹೋಗಿ, 1905ರಲ್ಲಿ ಲೋಕವನ್ನು ರಾಜ್ಯಗಳ ಗಡಿಯಿಂದಲ್ಲದೆ ಸ್ವಾಭಾವಿಕ ಪ್ರದೇಶಗಳಾಗಿ ವಿಂಗಡಿಸುವ ಕ್ರಮವನ್ನು ಪ್ರತಿಪಾದಿಸಿ ಪ್ರಸಿದ್ಧರಾದರು.

ಗೆಡ್ಡೀಸರು ಬರಿಯ ಬೋಧಕರಲ್ಲ. 1886ರಲ್ಲಿ ಅವರು ಆನಾ ಮಾರ್ಟನ್ ಎಂಬ ಸಾಧ್ವಿಯನ್ನು ವರಿಸಿದರು. ಮರುವರ್ಷ ಈ ದಂಪತಿಗಳು ಒಳ್ಳೆಯ ಬಡಾವಣೆಯ ಮನೆಯನ್ನು ತೊರೆದು, ಎಡಿನ್‌ಬರೋ ನಗರದ ಹಳೆಯ ಪೇಟೆಯಲ್ಲಿ, ಬಡವರು ಕಿಕ್ಕಿರಿದು ವಾಸಿಸುತ್ತಿದ್ದ ಜೇಮ್ಸ್ ಕೋರ್ಟ್ ಎಂಬ ಕೊಳಕು ವಠಾರದಲ್ಲಿ ಬಿಡಾರ ಹೂಡಿದರು. ಉಪದೇಶವನ್ನು ಮಾಡಲಿಲ್ಲ; ಸುಣ್ಣ ಬಳಿದರು, ಅಂಗಳವನ್ನು ಗುಡಿಸಿದರು, ಕಿಟಕಿಗಳಲ್ಲಿ ಹೂಗಿಡಗಳನ್ನಿಟ್ಟರು. ನೆರೆಯವರು ಮೊದಲು ನೋಡಿದರು, ಆಮೇಲೆ ಕೈಗೂಡಿಸಿದರು. 1888ರಿಂದ 1919ರವರೆಗೆ ಡಂಡೀಯ ಕಾಲೇಜಿನಲ್ಲಿ ಅವರು ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವರ್ಷಕ್ಕೆ ಮೂರು ತಿಂಗಳು ಮಾತ್ರ ಪಾಠ. ಉಳಿದ ಕಾಲವು ಊರುಗಳ ಸೇವೆಗೆ ಮೀಸಲು.

1892ರಲ್ಲಿ ಎಡಿನ್‌ಬರೋ ಕೋಟೆಯ ಸಮೀಪದ ಒಂದು ಹಳೆಯ ಗೋಪುರವನ್ನು ಕೊಂಡು, ಅದನ್ನು ಲೋಕದರ್ಶನದ ಶಾಲೆಯನ್ನಾಗಿ ಮಾರ್ಪಡಿಸಿದರು. ನೋಡಬಂದವನು ಮೊದಲು ತುದಿಗೆ ಏರಬೇಕು. ಅಲ್ಲಿ ಕತ್ತಲೆಯ ಕೋಣೆಯೊಳಗೆ, ಕನ್ನಡಿ ಮತ್ತು ಮಸೂರಗಳ ಸಹಾಯದಿಂದ, ಹೊರಗಿನ ನಗರದ ಜೀವಂತ ಚಿತ್ರವು ಮೇಜಿನ ಮೇಲೆ ಮೂಡುವುದನ್ನು ಕಾಣಬೇಕು. ಅನಂತರ ಒಂದೊಂದೇ ಅಂತಸ್ತು ಇಳಿಯುತ್ತ ತನ್ನ ನಗರ, ತನ್ನ ದೇಶ, ತನ್ನ ಭಾಷೆಯ ಜನ, ಯುರೋಪು, ಕೊನೆಗೆ ಜಗತ್ತು ಎಂಬ ಕ್ರಮದಲ್ಲಿ ಅರಿಯಬೇಕು. ಜಗತ್ತಿನ ಜ್ಞಾನವು ತನ್ನ ಮನೆಬಾಗಿಲಿನಿಂದ ಮೊದಲಾಗಬೇಕೆಂಬುದು ಇದರ ಅಭಿಪ್ರಾಯ. ಹತ್ತೊಂಬತ್ತು ಸಂಪುಟಗಳಲ್ಲಿ ಭೂಮಂಡಲವನ್ನೆಲ್ಲ ವರ್ಣಿಸಿದ ಫ್ರಾನ್ಸಿನ ಭೂಗೋಳಜ್ಞ ಎಲಿಸೆ ರಕ್ಲೂ ಅವರು ಇಲ್ಲಿನ ಬೇಸಗೆಯ ಶಿಬಿರಗಳಿಗೆ ಬಂದು ಉಪನ್ಯಾಸಗಳನ್ನು ಮಾಡಿದರು. ಪ್ಯಾರಿಸ್ಸಿನ ಕಮ್ಯೂನ್ ದಂಗೆಯಲ್ಲಿ ಸೇರಿ ದೇಶಭ್ರಷ್ಟರಾಗಿದ್ದ ರಕ್ಲೂ ಅವರಿಗೂ ಸೌಮ್ಯರಾದ ಗೆಡ್ಡೀಸರಿಗೂ ಗಾಢವಾದ ಸ್ನೇಹ ಬೆಳೆದದ್ದು, ಇಬ್ಬರೂ ಭೂಮಿಯನ್ನು ಆಳುವವರ ಆಸ್ತಿಯೆಂದಲ್ಲ, ಬಾಳುವವರ ಮನೆಯೆಂದು ಭಾವಿಸಿದ್ದರಿಂದಲೇ ಎಂದು ನಮಗೆ ತೋರುತ್ತದೆ.

ಇನ್ನು ಭಾರತದ ಪ್ರಕರಣ. 1900ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನದ ಕಾಲದಲ್ಲಿಯೇ ಗೆಡ್ಡೀಸರಿಗೆ ಸ್ವಾಮಿ ವಿವೇಕಾನಂದರು, ಸೋದರಿ ನಿವೇದಿತಾ, ಜಗದೀಶಚಂದ್ರ ವಸು ಇವರ ಪರಿಚಯವಾಗಿತ್ತು. 1914ರಲ್ಲಿ ಮದ್ರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲೆಂಡ್ ಅವರು ಗೆಡ್ಡೀಸರನ್ನು ತಮ್ಮ ನಗರ ಪ್ರದರ್ಶನದೊಡನೆ ಬರಲು ಆಹ್ವಾನಿಸಿದರು. ವರ್ಷಗಟ್ಟಲೆ ಶ್ರಮಪಟ್ಟು ಕೂಡಿಸಿದ್ದ ನಕಾಶೆಗಳೂ ಚಿತ್ರಗಳೂ ಹಡಗನ್ನೇರಿದವು. ಮದ್ರಾಸಿನ ಮೇಲೆ ಗುಂಡು ಹಾರಿಸಿ ಹೋಗಿದ್ದ ಜರ್ಮನರ ಎಮ್ಡನ್ ಯುದ್ಧನೌಕೆಯು ಆ ಹಡಗನ್ನು ಕಡಲಿನಲ್ಲಿ ಮುಳುಗಿಸಿತು! ಆಗ ಅರುವತ್ತು ತುಂಬಿದ್ದ ಗೆಡ್ಡೀಸರು ಎದೆಗುಂದಲಿಲ್ಲ. ಮಿತ್ರರು ಹೊಸದಾಗಿ ಕಲೆಹಾಕಿ ಕಳುಹಿಸಿದ ವಸ್ತುಗಳಿಂದ 1915ರ ಜನವರಿಯಲ್ಲಿ ಮದ್ರಾಸಿನಲ್ಲಿ ಪ್ರದರ್ಶನವನ್ನು ನಡೆಸಿಯೇ ಬಿಟ್ಟರು.

ಅವರು ಬಂದಾಗ ನಮ್ಮ ಊರುಗಳ ಸ್ಥಿತಿ ಹೇಗಿತ್ತು? 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮಾರಿಯು ದೇಶವನ್ನೆಲ್ಲ ವ್ಯಾಪಿಸಿತ್ತು. 1898ರಲ್ಲಿ ಬೆಂಗಳೂರಿಗೂ ಅದು ಕಾಲಿಟ್ಟಿತು; ಮಲ್ಲೇಶ್ವರ ಮತ್ತು ಬಸವನಗುಡಿಯ ಬಡಾವಣೆಗಳು ಹುಟ್ಟಿದ್ದು ಆ ಸಂಕಟದ ಫಲವಾಗಿಯೇ. ಅದೇ ವರ್ಷ ಮುಂಬಯಿಯಲ್ಲಿ ನಗರ ಸುಧಾರಣೆಯ ಟ್ರಸ್ಟೊಂದು ಸ್ಥಾಪಿತವಾಯಿತು. ಬೇರೆ ನಗರಗಳೂ ಆ ದಾರಿಯನ್ನೇ ಹಿಡಿದವು. ಇಕ್ಕಟ್ಟಾದ ಕೇರಿಗಳೇ ರೋಗದ ಮೂಲವೆಂದು ಬಗೆದು, ಅವುಗಳನ್ನು ಕೆಡವಿ ಅಗಲವಾದ ನೇರ ಬೀದಿಗಳನ್ನು ಹಾಯಿಸುವುದೇ ಸುಧಾರಣೆಯೆಂದು ಅಧಿಕಾರಿವರ್ಗವು ನಂಬಿತ್ತು. ಕೆಡವಿದ ಮನೆಗಳ ಬಡವರು ಎಲ್ಲಿಗೆ ಹೋಗಬೇಕು? ಅವರು ಪಕ್ಕದ ಕೇರಿಯಲ್ಲಿಯೇ ತುರುಕಿಕೊಳ್ಳುತ್ತಿದ್ದರು. ಅಲ್ಲಿ ಬಾಡಿಗೆ ಏರುತ್ತಿತ್ತು, ಇಕ್ಕಟ್ಟು ಹೆಚ್ಚುತ್ತಿತ್ತು. ಒಂದು ಕಡೆಯ ರೋಗವು ಇನ್ನೊಂದು ಕಡೆಗೆ ವರ್ಗವಾಗುತ್ತಿತ್ತೇ ಹೊರತು ವಾಸಿಯಾಗುತ್ತಿರಲಿಲ್ಲ.

ಗೆಡ್ಡೀಸರು ಈ ಕ್ರಮವನ್ನು ಮುಚ್ಚುಮರೆಯಿಲ್ಲದೆ ಖಂಡಿಸಿದರು. ತಂಜಾವೂರು, ಮಧುರೆ, ಲಖನೌ, ಲಾಹೋರ್, ಬಲರಾಮಪುರ ಹೀಗೆ ಹತ್ತು ವರ್ಷಗಳಲ್ಲಿ ಸುಮಾರು 50 ಊರುಗಳನ್ನು ಅವರು ಪರೀಕ್ಷಿಸಿ ವರದಿಗಳನ್ನು ಬರೆದರು. ಅವರ ಕ್ರಮವು ಸರಳವಾದದ್ದು. ಬೆಳಗ್ಗೆ ಎದ್ದು ಕಾಲ್ನಡಿಗೆಯಲ್ಲಿ ಓಣಿ ಓಣಿಗಳನ್ನು ಸುತ್ತುವುದು. ಯಾವ ಮನೆಯು ಗಟ್ಟಿಯಾಗಿದೆ, ಯಾವುದು ಬಿದ್ದುಹೋಗಿದೆ, ಎಲ್ಲಿ ಹಾಳುನಿವೇಶನವಿದೆ, ಎಲ್ಲಿ ಮರವಿದೆ, ಎಲ್ಲಿ ಗುಡಿಯಿದೆ ಎಂದು ಗುರುತಿಸುವುದು. ಆಮೇಲೆ ಪಾಳುಬಿದ್ದ ಒಂದೆರಡು ಮನೆಗಳನ್ನು ಮಾತ್ರ ತೆಗೆದು, ಅಲ್ಲಿ ಸಣ್ಣ ಬಯಲನ್ನು ಮಾಡಿ, ಗಿಡವೊಂದನ್ನು ನೆಟ್ಟು, ಅಂಥ ಬಯಲುಗಳನ್ನು ಒಂದಕ್ಕೊಂದು ಸೇರಿಸುವುದು. ಒಳ್ಳೆಯ ಮನೆಯು ಅಡ್ಡ ಬಂದರೆ ಬೀದಿಯೇ ಸ್ವಲ್ಪ ಬಳಸಿಕೊಂಡು ಹೋಗಲಿ, ಅದರಿಂದ ಬೀದಿಗೆ ನಷ್ಟವಿಲ್ಲ. ಗಾಳಿ ಬೆಳಕು ಬಂದಿತು, ಕೆಲವೇ ಸಂಸಾರಗಳು ಸ್ಥಳಾಂತರವಾದವು, ಬೊಕ್ಕಸದ ಹಣವೂ ಉಳಿಯಿತು. ಉಳಿಸಿಕೊಂಡು ಮಾಡುವ ಈ ಶಸ್ತ್ರಚಿಕಿತ್ಸೆಯೇ ನಗರಶಾಸ್ತ್ರಕ್ಕೆ ಅವರಿತ್ತ ಮುಖ್ಯವಾದ ಕಾಣಿಕೆ.

ಕೆರೆಗಳ ವಿಷಯದಲ್ಲಿ ಅವರ ಮಾತು ಇನ್ನೂ ನಿಷ್ಠುರವಾಗಿತ್ತು. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆಂಬುದು ಗೊತ್ತಾದ ಮೇಲೆ ಊರಿನ ಕೆರೆಕುಂಟೆಗಳನ್ನು ಮುಚ್ಚುವ ಉತ್ಸಾಹವು ಇಂಜಿನಿಯರುಗಳಿಗೂ ವೈದ್ಯಾಧಿಕಾರಿಗಳಿಗೂ ಬಂದಿತ್ತು. ಕೆರೆಯನ್ನು ಮುಚ್ಚುವುದಕ್ಕೆ ಬದಲಾಗಿ ಶುಚಿಮಾಡಬೇಕು, ಸೊಳ್ಳೆಯ ಮರಿಗಳನ್ನು ತಿನ್ನುವ ಮೀನುಗಳನ್ನು ಬಿಡಬೇಕು, ಕೆರೆಯು ಮಳೆಯ ನೀರನ್ನು ಹಿಡಿದು ಪ್ರವಾಹವನ್ನು ತಡೆಯುತ್ತದೆ, ಬೇಸಗೆಯಲ್ಲಿ ಊರನ್ನು ತಂಪಾಗಿಡುತ್ತದೆ ಎಂದು ಅವರು ವಾದಿಸಿದರು. ಬೆಂಗಳೂರಿನ ಧರ್ಮಾಂಬುಧಿ ಕೆರೆಯು ಬಸ್ಸುಗಳ ನಿಲ್ದಾಣವಾದುದನ್ನೂ, ಸಂಪಂಗಿ ಕೆರೆಯು ಕ್ರೀಡಾಂಗಣವಾದುದನ್ನೂ, ಒಂದು ಜೋರು ಮಳೆಗೆ ಆ ನಗರದ ಬೀದಿಗಳು ಹೊಳೆಗಳಾಗುವುದನ್ನೂ ಕಂಡ ನಾವು ಈ ವಾದಕ್ಕೆ ಬೇರೆ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ.

1917ನೆಯ ವರ್ಷವು ಅವರಿಗೆ ಕಾಳರಾತ್ರಿಯಾಯಿತು. ಏಪ್ರಿಲಿನಲ್ಲಿ, ತಂದೆಯೊಡನೆ ಭಾರತಕ್ಕೆ ಬಂದು ದುಡಿದಿದ್ದ ಹಿರಿಯ ಮಗ ಅಲಾಸ್ಡೇರ್ ಫ್ರಾನ್ಸಿನ ರಣರಂಗದಲ್ಲಿ ಮಡಿದನು. ಪತ್ನಿಯು ಆಗ ಕಲ್ಕತ್ತೆಯಲ್ಲಿ ಕಠಿಣವಾದ ಜ್ವರದಿಂದ ಮಲಗಿದ್ದಳು. ಆಕೆಗೆ ಸುದ್ದಿಯನ್ನು ತಿಳಿಸುವ ಧೈರ್ಯವಾಗದೆ, ಗೆಡ್ಡೀಸರು ಮಗನ ಹಿಂದಿನ ಕಾಗದಗಳನ್ನೇ ಓದಿ ಹೇಳುತ್ತಿದ್ದರು. ಮಗನು ಬದುಕಿದ್ದಾನೆಂಬ ನಂಬಿಕೆಯಲ್ಲಿಯೇ ಆ ತಾಯಿ ಜೂನ್ ತಿಂಗಳಿನಲ್ಲಿ ಕಣ್ಣು ಮುಚ್ಚಿದಳು. ಈ ಎರಡು ಪೆಟ್ಟುಗಳ ತರುವಾಯವೂ ಅವರು ಕೆಲಸವನ್ನು ಬಿಡಲಿಲ್ಲ.

ಇಂದೂರು ಸಂಸ್ಥಾನದಲ್ಲಿ ಅವರು ನಡೆಸಿದ ದೀಪಾವಳಿಯ ಉತ್ಸವವು ಪ್ರಸಿದ್ಧವಾಗಿದೆ. ಪ್ಲೇಗಿನಿಂದ ನರಳುತ್ತಿದ್ದ ಆ ನಗರದಲ್ಲಿ ಉತ್ಸವದ ಅಧಿಕಾರವನ್ನು ಮಹಾರಾಜರಿಂದ ಪಡೆದು, ಮೆರವಣಿಗೆಯು ವಾಡಿಕೆಯ ದಾರಿಯನ್ನು ಬಿಟ್ಟು, ಹೆಚ್ಚು ಮನೆಗಳು ಶುಚಿಯಾಗಿರುವ ಬೀದಿಗಳಲ್ಲಿ ಮಾತ್ರ ಸಾಗುವುದೆಂದು ಸಾರಿಸಿದರು. ಕಾನೂನಿನ ಬೆದರಿಕೆಯಿಂದಾಗದ ಕೆಲಸವು ಆಗಿಹೋಯಿತು! ಜನರು ತಾವಾಗಿ ಕಸವನ್ನು ತೆಗೆದರು, ಇಲಿಗಳನ್ನು ಹಿಡಿದರು, ಸುಣ್ಣ ಬಳಿದರು. ಮೆರವಣಿಗೆಯಲ್ಲಿ ಕೊಳೆಯ ರಾಕ್ಷಸನನ್ನೂ ಪ್ಲೇಗಿನ ಇಲಿಯನ್ನೂ ಹೊತ್ತು ತಂದು ದಹಿಸಿದರು. ಕಸ ಗುಡಿಸುವ ಕೆಲಸಗಾರರು ಶುಭ್ರವಾದ ಬಟ್ಟೆಯನ್ನುಟ್ಟು ಗೌರವದಿಂದ ನಡೆದರು. ಮನೆಗಳಲ್ಲಿ ನೆಡಲು ತುಳಸಿಯ ಸಸಿಗಳನ್ನು ಹಂಚಲಾಯಿತು. ಪರದೇಶದ ಈ ಮುದುಕನು ನಮ್ಮ ಹಬ್ಬದ ಮರ್ಮವನ್ನು ಅರಿತಷ್ಟು ನಮ್ಮ ಆರೋಗ್ಯದ ಇಲಾಖೆಗಳು ಅರಿತಿವೆಯೆ ಎಂದು ನಾವು ಕೇಳಬೇಕಾಗಿದೆ. ಇಂದೂರಿಗೆ ಅವರು ಬರೆದ ವರದಿಯು 1918ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು.

1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯವು ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರದ ಮೊದಲನೆಯ ಪ್ರಾಧ್ಯಾಪಕರನ್ನಾಗಿ ಅವರನ್ನು ನಿಯಮಿಸಿತು. 1920ರಲ್ಲಿ ಅವರು ಜಗದೀಶಚಂದ್ರ ವಸುಗಳ ಜೀವನಚರಿತ್ರೆಯನ್ನು ಬರೆದರು. ರವೀಂದ್ರನಾಥ ಠಾಕೂರರೊಡನೆ ಸ್ನೇಹವಿತ್ತು. ಕಿರಿಯ ಮಗ ಆರ್ಥರ್ ಶ್ರೀನಿಕೇತನದಲ್ಲಿ ಕೆಲಸಮಾಡಿ, ಮುಂದೆ ಭೂಗೋಳಜ್ಞನಾದನು. ಮುಂಬಯಿಯಲ್ಲಿ ಗೆಡ್ಡೀಸರ ಶಿಷ್ಯರಾದ ಘುರ್ಯೆಯವರು ಅವರ ತರುವಾಯ ಆ ವಿಭಾಗದ ಮುಖ್ಯಸ್ಥರಾದರು. ಘುರ್ಯೆಯವರ ಬಳಿಯಲ್ಲಿ ಓದಿದವರು ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸರು. ಕೊಡಗಿನವರ ಧರ್ಮವನ್ನೂ ಮೈಸೂರು ಸೀಮೆಯ ಹಳ್ಳಿಯನ್ನೂ ಕಣ್ಣಾರೆ ಕಂಡು ಬರೆದ ಶ್ರೀನಿವಾಸರ ವಿದ್ಯಾವಂಶದ ಮೂಲವನ್ನು ಅರಸಿದರೆ, ಆ ವಿಭಾಗವನ್ನು ಕಟ್ಟಿದ ಈ ಗಡ್ಡದ ಮುದುಕನ ಬಳಿಗೆ ನಾವು ಬಂದು ನಿಲ್ಲುತ್ತೇವೆ.

1924ರಲ್ಲಿ ದೇಹಾಲಸ್ಯದಿಂದ ಭಾರತವನ್ನು ಬಿಟ್ಟು, ಫ್ರಾನ್ಸಿನ ಮಾಂಪೆಲಿಯೆ ಎಂಬಲ್ಲಿ ನೆಲಸಿ, ಹಲವು ದೇಶಗಳ ವಿದ್ಯಾರ್ಥಿಗಳಿಗಾಗಿ ಒಂದು ವಿದ್ಯಾಲಯವನ್ನು ಕಟ್ಟುವುದರಲ್ಲಿ ತೊಡಗಿದರು. 1932ರ ಆರಂಭದಲ್ಲಿ ಸರ್ ಎಂಬ ಬಿರುದು ಬಂದಿತು. ಅದೇ ವರ್ಷ ಏಪ್ರಿಲ್ 17ರಂದು ಅವರು ದೇಹವನ್ನು ಬಿಟ್ಟರು.

ಅವರಲ್ಲಿ ದೋಷಗಳಿರಲಿಲ್ಲವೆಂದಲ್ಲ. ಹತ್ತು ಕೆಲಸಗಳನ್ನು ಆರಂಭಿಸಿ ಎಂಟನ್ನು ಇತರರಿಗೆ ಬಿಡುತ್ತಿದ್ದರು. ಅವರ ಬರಹವು ತೊಡಕಾದದ್ದು. ಮಾತು ಗಡ್ಡದೊಳಗೇ ಉಳಿಯುತ್ತಿತ್ತೆಂದು ಶಿಷ್ಯರೇ ಪೇಚಾಡುತ್ತಿದ್ದರು. ಅವರು ಬಂದದ್ದು ಗವರ್ನರರ ಮತ್ತು ರಾಜರ ಆಹ್ವಾನದಿಂದ. ಊರಿನ ಜನಕ್ಕೆ ತಮ್ಮ ಊರನ್ನು ಆಳುವ ಅಧಿಕಾರವೇ ಇಲ್ಲದಿರುವಾಗ ಊರಿನ ಉದ್ಧಾರವು ಸಾಧ್ಯವೆ ಎಂಬ ಪ್ರಶ್ನೆಯನ್ನು ಅವರು ಬಲವಾಗಿ ಎತ್ತಲಿಲ್ಲ. ಪರಿಣಾಮವಾಗಿ ಅವರ ವರದಿಗಳಲ್ಲಿ ಬಹುಭಾಗವು ಕಚೇರಿಗಳ ಕಪಾಟುಗಳಲ್ಲಿ ಧೂಳು ತಿಂದಿತು. ಅಧಿಕಾರಿಯ ಮನಸ್ಸು ತಿರುಗಿದರೆ ಸಾಕೆಂದು ಅವರು ನಂಬಿದ್ದರು. ಅಧಿಕಾರಿಗಳಾದರೋ ಇಂದು ಇದ್ದು ನಾಳೆ ವರ್ಗವಾಗುವವರು. ಊರಿನಲ್ಲಿ ಉಳಿಯುವವರು ಊರಿನವರು.

ಇಂದು ಆ ನೆಪವು ನಮಗಿಲ್ಲ. 1992ರ ಸಂವಿಧಾನ ತಿದ್ದುಪಡಿಯು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ವಿಧಿಸಿದೆ. ಯೋಜನೆಗೆ ಮುಂಚೆ ಸಮೀಕ್ಷೆ ಎಂಬ ಗೆಡ್ಡೀಸರ ತತ್ವವು, ನಮ್ಮ ರಾಜ್ಯದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಲ್ಲಿಯೂ ಸ್ಥಾನವನ್ನು ಪಡೆದಿದೆ. ಕಾಯಿದೆಯು ಸಮೀಕ್ಷೆಯನ್ನು ಮಾಡೆಂದು ಹೇಳಬಲ್ಲುದು. ಓಣಿಯಲ್ಲಿ ನಡೆ, ಬಾವಿಯ ಬಳಿ ನಿಲ್ಲು, ಅಲ್ಲಿಯ ಮುದುಕಿಯನ್ನು ಮಾತನಾಡಿಸು ಎಂದು ಹೇಳಲಾರದು. ಅದು ಮನುಷ್ಯನ ಮನಸ್ಸಿನಿಂದಲೇ ಬರಬೇಕಾದ ಗುಣ. ನಮ್ಮ ಪುರಸಭೆಗಳ ಸದಸ್ಯರೂ ಅಧಿಕಾರಿಗಳೂ ಮುಂದಿನ ಸಲ ಕೆಂಪು ಮಸಿಯ ಲೇಖನಿಯನ್ನು ಕೈಗೆತ್ತಿಕೊಳ್ಳುವ ಮುನ್ನ, ಆ ಗೆರೆಯು ಹಾಯುವ ಬೀದಿಯಲ್ಲಿ ಒಂದು ಬೆಳಗ್ಗೆ ಕಾಲ್ನಡಿಗೆಯಲ್ಲಿ ಹೋಗಿ 'ಬರಲಿ' ಎಂಬಷ್ಟೇ ನಮ್ಮ ಪ್ರಾರ್ಥನೆ. ಆ ಬೀದಿಯ ನಿವಾಸಿಗಳಾದ ವಾಚಕರು ಅಂದು ಮನೆಯೊಳಗೆ ಕುಳಿತಿರದೆ ಅವರ ಜೊತೆಯಲ್ಲಿ ನಡೆಯಲಿ.